ಹೆಣ್ಣುಮಕ್ಕಳ ಶಾಲೆಗೆ ದಾನಿಗಳು ಒದಗಿದ ಬಗೆ

ಊರಿನ ಒಳ್ಳೆಯ ಕೆಲಸಕ್ಕೆಂದು ದೊಡ್ಡವರ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಅಭ್ಯಾಸ ಒಮ್ಮೆ ಹತ್ತಿತೆಂದರೆ, ಆಮೇಲೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಿನಕ್ಕೊಂದು ತಾನಾಗಿಯೇ ಒದಗಿ ಬರುತ್ತದೆ. ನಾನು ಅಜ್ಜಂಪುರದಲ್ಲಿ ಗಂಡುಹುಡುಗರ ಶಾಲೆಯ ಮೇಷ್ಟರಾಗಿದ್ದೆ. ಜೊತೆಗೆ ಊರಿನ ನಾಟಕ ಸಂಘಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಪಾತ್ರ ಸಿಗದವನು, ಬೈಗುಳ ತಪ್ಪದವನು.

ಆಗ ನಮ್ಮೂರಲ್ಲಿ ಹೆಣ್ಣುಮಕ್ಕಳಿಗೂ ಒಂದು ಶಾಲೆ ಇತ್ತು. ಇತ್ತು ಅಂದರೆ, ಪಾಠ ಹೇಳುವ ಉಪಾಧ್ಯಾಯಿನಿ ಇದ್ದರು, ಓದುವ ಹುಡುಗಿಯರು ಇದ್ದರು, ಕಟ್ಟಡ ಇರಲಿಲ್ಲ. ಛತ್ರದ ಜಗಲಿಯ ಮೇಲೆ ಪಾಠ ನಡೆಯುತ್ತಿತ್ತು. ಛತ್ರಕ್ಕೆ ಮದುವೆ ದಿಬ್ಬಣ ಬಂದರೆ ಶಾಲೆಗೆ ರಜ. ಲಗ್ನದ ತಿಂಗಳುಗಳಲ್ಲಿ ಮಗ್ಗಿ ಐದರ ಆಚೆ ಹೋಗುತ್ತಲೇ ಇರಲಿಲ್ಲ.

ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರು ತಪಾಸಣೆಗೆ ಬಂದ ದಿನವೂ ಛತ್ರದೊಳಗೆ ಮದುವೆಯವರು ಲಾಡು ಕಟ್ಟುತ್ತಿದ್ದರು. ಇನ್ಸ್‌ಪೆಕ್ಟರು ಅವರು ಕೊಟ್ಟ ಲಾಡನ್ನು ತಿಂದರು, ಚೆನ್ನಾಗಿದೆ ಅಂದರು, ಕೈ ಒರೆಸಿಕೊಂಡು ಉಪಾಧ್ಯಾಯಿನಿಗೆ ಒಂದು ಮಾತು ಹೇಳಿದರು. ಮುಂದಿನ ಸಲ ತಾವು ಬರುವಷ್ಟರಲ್ಲಿ ಶಾಲೆಗೆ ಸ್ವಂತ ಜಾಗ ಆಗಿರಬೇಕು, ಇಲ್ಲದಿದ್ದರೆ ಇದನ್ನು ಮುಚ್ಚಿ ತರೀಕೆರೆಯ ಶಾಲೆಗೆ ಸೇರಿಸಿಬಿಡುವುದು. ತರೀಕೆರೆಗೆ ಯಾವ ತಾಯಿ ತನ್ನ ಮಗಳನ್ನು ದಿನಾ ಕಳಿಸುತ್ತಾಳೆ? ಸೇರಿಸುವುದು ಅಂದರೆ ಹುಡುಗಿಯರ ಓದು ಅಲ್ಲಿಗೇ ನಿಂತಂತೆ. ಆ ಉಪಾಧ್ಯಾಯಿನಿ ಎಂದೂ ಯಾರ ಮುಂದೂ ಕೈಚಾಚಿದವರಲ್ಲ. ಅವರ ಪರವಾಗಿ ಕೈಚಾಚುವ ಕೆಲಸವನ್ನು ನಮ್ಮ ನಾಟಕ ಸಂಘ ವಹಿಸಿಕೊಂಡಿತು. ಸಂಘ ವಹಿಸಿಕೊಂಡಿತು ಅಂದರೆ ನನ್ನ ತಲೆಗೆ ಬಂತು.

ಪರದೆಯ ಮೇಲಿನ ಅಂಗಡಿ

ಮೊದಲು ತರೀಕೆರೆಯಲ್ಲೇ ಒಂದು ಸಹಾಯಾರ್ಥ ನಾಟಕ ಆಡೋಣ ಎಂದು ತೀರ್ಮಾನವಾಯಿತು. ನಮ್ಮ ಸಂಘಕ್ಕಿದ್ದದ್ದು ಒಂದೇ ಪರದೆ. ಅದರಲ್ಲಿ ಇಲಿ ಕಡಿದ ತೂತುಗಳು ಎಷ್ಟಿದ್ದುವೆಂದರೆ, ಹಿಂದೆ ಬೀಡಿ ಸೇದುತ್ತಿದ್ದ ಭೀಮಸೇನನನ್ನು ಜನ ಹಸ್ತಿನಾವತಿಯ ಗೋಡೆಯ ಮೂಲಕವೇ ನೋಡುತ್ತಿದ್ದರು.

ತರೀಕೆರೆಯ ಜವಳಿ ಸಾಹುಕಾರರ ಹತ್ತಿರ ಹೋಗಿ ಸಂಕಟ ಹೇಳಿಕೊಂಡೆ. ಅವರು ಪೂರ್ತಿ ಕೇಳಲೂ ಇಲ್ಲ. ಹೊಸ ಪರದೆ ತಮ್ಮದು, ಬಟ್ಟೆ ತಮ್ಮದು, ಶಿವಮೊಗ್ಗೆಯಿಂದ ಪೈಂಟರನ್ನು ಕರೆಸುವುದೂ ತಮ್ಮದು, ನೀವು ಸುಮ್ಮನೆ ನಾಟಕ ಕಲಿತುಕೊಂಡು ಬನ್ನಿ ಅಂದರು. ಇಂಥ ಧಾರಾಳಿಯನ್ನು ನಾನು ಕಂಡೇ ಇಲ್ಲವೆಂದು ಊರಿಗೆ ಬಂದು ಎಲ್ಲರಿಗೂ ಹೇಳಿದೆ.

ನಾಟಕದ ದಿನ ಪರದೆ ಬಿಚ್ಚಿದೆವು. ಅದರ ತುಂಬ ಸಾಹುಕಾರರ ಅಂಗಡಿ. ಮೆಟ್ಟಿಲು, ಬಾಗಿಲ ಮೇಲಿನ ತೋರಣ, ಜೋಡಿಸಿಟ್ಟ ಸೀರೆಗಳು, ನಡುವೆ ದಿಂಬಿಗೆ ಒರಗಿ ಕೂತ ಸಾಹುಕಾರರು, ಕೈಯಲ್ಲಿ ಗಜಕಡ್ಡಿ. ಪೈಂಟರು ಕಸಬುದಾರ. ಸೀರೆಯ ಅಂಚುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಸಾಹುಕಾರರು ಪಕ್ಕದಲ್ಲಿ ನಿಂತು, ಹೇಗಿದೆ ಎಂಬಂತೆ ನಮ್ಮೆಲ್ಲರ ಮುಖ ನೋಡುತ್ತಿದ್ದರು. ಮಗುವಿನಂಥ ಸಂತೋಷ ಅವರ ಮುಖದಲ್ಲಿ. ಏನು ಹೇಳುವುದು? ಬಹಳ ಜೀವಂತವಾಗಿದೆ ಅಂದೆವು.

ಇರುವುದು ಒಂದೇ ಪರದೆ. ಧರ್ಮರಾಯ ಅಂಗಡಿಯ ಮುಂದೆಯೇ ಪಗಡೆಯಾಡಿ ಸೋತ. ದುರ್ಯೋಧನ ಅಂಗಡಿಯ ಮೆಟ್ಟಿಲಿನ ಹತ್ತಿರವೇ ತೊಡೆ ತಟ್ಟಿದ. ಜನ ಅಲ್ಲಿಯವರೆಗೆ ಮರ್ಯಾದೆಯಿಂದಲೇ ನೋಡುತ್ತಿದ್ದರು. ದ್ರೌಪದಿಯ ಸೀರೆ ಸೆಳೆಯುವ ಸಂದರ್ಭ ಬಂತು. ದ್ರೌಪದಿ ಪಾತ್ರದವನು ಎರಡು ಕೈ ಮೇಲೆತ್ತಿ, ಕೃಷ್ಣಾ, ನೀನಲ್ಲದೆ ನನಗಿನ್ನಾರು ದಿಕ್ಕು ಎಂದು ಕಣ್ಣೀರಿಟ್ಟು ಹಾಡಿದ. ಹೆಂಗಸರ ಕಡೆ ಮೂಗು ಸುರ್ ಅನ್ನುವ ಶಬ್ದ ಕೇಳಿಸಿತು. ಆಗ ಚೌಳಹಿರಿಯೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಒಬ್ಬ ರೈತರು ಪಕ್ಕದವರಿಗೆ ಹೇಳಿದ ಮಾತು ಚಪ್ಪರಕ್ಕೆಲ್ಲ ಕೇಳಿಸಿತು.

"ಆಯಮ್ಮ ಕೃಷ್ಣನ್ನ ಅಷ್ಟ್ ದೂರದಿಂದ ಯಾಕ್ ಕೂಗ್ತಾಳೆ ಕಣ್ರೀ? ಹಿಂದ್ಗಡೆ ಅಂಗ್ಡಿ ಬಾಗ್ಲು ತೆಗ್ದೇ ಐತಲ್ಲ."

ಯಾರೂ ಸಾಯದ ವಾಚನಾಲಯ

ಆ ನಾಟಕದಿಂದ ಶಾಲೆಗೆ ಒಂದು ಕಪ್ಪುಹಲಗೆ, ಸ್ಲೇಟುಗಳು, ಒಂದು ಭೂಪಟ ಬಂದವು. ಇಡುವುದಕ್ಕೆ ಜಾಗವಿಲ್ಲವೆಂದು ನಮ್ಮ ಮನೆಯ ನಡುಮನೆಯಲ್ಲಿ ಇಟ್ಟೆವು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಒಳ್ಳೆಯ ಸೂಚನೆಯಲ್ಲ.

ಬೆಂಚು ಕೇಳುವುದಕ್ಕೆ ಕಡೂರಿಗೆ ಹೋದೆ. ಅಲ್ಲಿಯ ಪುರಸಭೆಯ ಅಧ್ಯಕ್ಷರು ಎಣ್ಣೆ ವ್ಯಾಪಾರದಲ್ಲಿ ಮೇಲೆ ಬಂದವರು. ಮನೆಯ ಹೊರ ಜಗಲಿಯನ್ನೇ ಬಿಟ್ಟುಕೊಟ್ಟು, ಸ್ವಂತ ಖರ್ಚಿನಲ್ಲಿ ಪತ್ರಿಕೆ ತರಿಸಿ, ಊರವರಿಗೊಂದು ವಾಚನಾಲಯ ಮಾಡಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಬಲ್ಲ ಯಾರೇ ಬರಲಿ, ಮೊದಲು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಬಂದ ಕೆಲಸ. ಜಗಲಿ ತುಂಬ ಕೇಳುವವರು ಕೂತಿರುತ್ತಿದ್ದರು.

ಯೂರೋಪಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಮೊದಲ ಪುಟ ತೆಗೆದು, ಇಂಥ ಕಡೆ ಘೋರ ಕಾಳಗ ನಡೆದು ಇಷ್ಟು ಸಿಪಾಯಿಗಳು ಎಂದು ಶುರುಮಾಡಿದೆ. ಅಧ್ಯಕ್ಷರು ಕೈ ಎತ್ತಿ ತಡೆದರು. ಅದು ಬೇಡ, ಮುಂದೆ ಓದಿ ಅಂದರು. ಮುಂದೆ ಯಾವುದೋ ಸೀಮೆಯಲ್ಲಿ ಹಡಗು ಮುಳುಗಿತ್ತು. ಅದೂ ಬೇಡ ಅಂದರು. ಉತ್ತರದ ಕಡೆ ಹೊಳೆ ಉಕ್ಕಿ ಊರು ಕೊಚ್ಚಿಹೋಗಿತ್ತು. ತಲೆ ಅಲ್ಲಾಡಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಫಲಪುಷ್ಪ ಪ್ರದರ್ಶನ ನಡೆದು ಒಂದು ಕುಂಬಳಕಾಯಿಗೆ ಬಹುಮಾನ ಬಂದ ಸುದ್ದಿ ಸಿಕ್ಕಿತು. ಅದನ್ನು ಎರಡು ಸಲ ಓದಿಸಿದರು. ಕುಂಬಳಕಾಯಿ ಎಷ್ಟು ದಪ್ಪ ಇತ್ತೆಂದು ಬರೆದಿಲ್ಲವೇ ಎಂದು ಕೇಳಿದರು.

ನಾನು ಮೆಲ್ಲಗೆ, ಪತ್ರಿಕೆಯಲ್ಲಿ ಇರುವುದನ್ನು ಬಿಟ್ಟು ಓದಿದರೆ ಜನಕ್ಕೆ ಲೋಕ ತಿಳಿಯುವುದು ಹೇಗೆ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಮೇಷ್ಟ್ರೇ, ಇದು ನಮ್ಮಪ್ಪ ಕಟ್ಟಿಸಿದ ಜಗಲಿ. ಇಲ್ಲಿ ಮದುವೆ ಆಗಿದಾವೆ, ನಾಮಕರಣ ಆಗಿದಾವೆ. ಬೆಳಿಗ್ಗೆ ಬೆಳಿಗ್ಗೆ ಹೆಣಗಳನ್ನ ತಂದು ಇಲ್ಲಿ ಮಲಗಿಸ್ಬೇಡಿ" ಅಂದರು. ನಾನು ಕುಂಬಳಕಾಯಿಯ ಸುದ್ದಿಯನ್ನು ಮೂರನೆಯ ಸಲ ಓದಿದೆ. ಅವರು ಬೆಂಚುಗಳನ್ನೂ ಕೊಟ್ಟರು, ತಮ್ಮದೇ ಗಾಡಿಯಲ್ಲಿ ಬೀರೂರು ಸ್ಟೇಷನ್ನಿಗೆ ಕಳಿಸಿಯೂ ಕೊಟ್ಟರು.

ಯುದ್ಧದಲ್ಲಿ ಯಾರು ಸತ್ತರು, ಎಷ್ಟು ಜನ ಸತ್ತರು ಎಂದು ತಿಳಿಯಬೇಕಾದವರು ಕಡೂರಿನಲ್ಲಿ ಕ್ಷೌರದ ಅಂಗಡಿಗೆ ಹೋಗುತ್ತಿದ್ದರು. ವಾಚನಾಲಯದಲ್ಲಿ ಮಾತ್ರ ಆ ಯುದ್ಧ ಮುಗಿಯುವವರೆಗೂ ಒಬ್ಬನೂ ಸಾಯಲಿಲ್ಲ.

ವಿದ್ವಾಂಸರಿಗೆ ಸಂದ ಗೌರವ

ಬೆಂಚುಗಳೂ ನಮ್ಮ ಮನೆಗೇ ಬಂದವು. ಅಡುಗೆಮನೆಗೆ ಹೋಗಬೇಕಾದರೆ ಬೆಂಚು ಹತ್ತಿ ಇಳಿಯಬೇಕು. ನನ್ನ ಹೆಂಡತಿ ಈಗ ಬಾಯಿಬಿಟ್ಟಳು. ಹೆಣ್ಣುಮಕ್ಕಳ ಶಾಲೆಯನ್ನು ಇಲ್ಲೇ ಶುರುಮಾಡಿ, ಸಂಸಾರವನ್ನು ಛತ್ರದ ಜಗಲಿಗೆ ಸಾಗಿಸೋಣ ಅಂದಳು.

ಯಗಟಿಯಲ್ಲಿ ಒಬ್ಬ ದೊಡ್ಡ ಗೌಡರಿದ್ದರು. ಹೊಲ, ತೆಂಗಿನ ತೋಟ, ಎಣಿಸಿದವರಿಲ್ಲದಷ್ಟು ಕುರಿ. ಮಳೆ ಹೋದ ವರ್ಷವೂ ಅವರ ಮನೆಯಲ್ಲಿ ಬಂದವರಿಗೆ ಮುದ್ದೆ ತಪ್ಪಿದ್ದಿಲ್ಲ. ಶಾಲೆಯ ಸಹಾಯಾರ್ಥ ಆ ಊರಿನಲ್ಲೇ ಸಂಗೀತ ಕಚೇರಿ ಏರ್ಪಾಡು ಮಾಡಿದಾಗ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಹಾಡಲು ಮೈಸೂರಿನಿಂದ ಒಬ್ಬ ವಿದ್ವಾಂಸರು ಬಂದಿದ್ದರು. ಮಡಿ, ಆಚಾರ, ಒಪ್ಪೊತ್ತಿನ ಊಟ. ಈರುಳ್ಳಿಯ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವವರು.

ಗೌಡರು ಕಚೇರಿ ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಕೂತರು. ನಿದ್ದೆ ಹೋದರು ಅಂದುಕೊಂಡೆ. ಇಲ್ಲ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ವಿದ್ವಾಂಸರು ಮಂಗಳ ಹಾಡುವ ಮೊದಲು ಗೌಡರು ಎದ್ದು ಹೊರಗೆ ಹೋದರು. ಬರುವಾಗ ಹೆಗಲ ಮೇಲೆ ಒಂದು ಟಗರು. ಸಂತೆಯಲ್ಲಿ ಮಾರುವಂಥದ್ದಲ್ಲ, ಅವರ ಹಿಂಡಿಗೇ ಹೆಸರಾದ ಟಗರು. ಅದನ್ನು ನೇರ ವೇದಿಕೆಗೆ ಹತ್ತಿಸಿ ತಂಬೂರಿಯ ಪಕ್ಕ ನಿಲ್ಲಿಸಿ, ವಿದ್ವಾಂಸರ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ನಾನು ಅವರನ್ನು ಪಕ್ಕಕ್ಕೆ ಕರೆದು, ಶಾಲು ಹೊದಿಸಿದ್ದರೆ ಸಾಕಾಗಿತ್ತಲ್ಲ ಅಂದೆ. ಗೌಡರಿಗೆ ಬೇಜಾರಾಯಿತು. ಬಟ್ಟೆ ಯಾರು ಬೇಕಾದರೂ ಕೊಡುತ್ತಾರೆ, ಮನಸ್ಸಿಗೆ ಮುಟ್ಟಿದವರಿಗೆ ನಮ್ಮಲ್ಲಿ ಕೊಡುವುದು ಹಿಂಡಿನ ಒಳ್ಳೆಯ ಜೀವ ಅಂದರು. ವಿದ್ವಾಂಸರು ದೊಡ್ಡ ಮನುಷ್ಯರು. ಎರಡು ಕೈ ಜೋಡಿಸಿ ಸ್ವೀಕರಿಸಿದರು. ಮರುದಿನ ರೈಲಿನಲ್ಲಿ ಸಾಮಾನು ಹಾಕುವ ಬ್ರೇಕಿನ ಡಬ್ಬಿಯಲ್ಲಿ ಟಗರನ್ನು ಹತ್ತಿಸಿಕೊಂಡು ಮೈಸೂರಿಗೆ ಹೊರಟರು. ಗೌಡರು ಆ ಸಂತೋಷಕ್ಕೆ ಶಾಲೆಯ ಮಾಡಿಗೆ ಬೇಕಾದ ತೊಲೆಗಳನ್ನೆಲ್ಲ ಕಳಿಸಿದರು. ಅವೂ ನಮ್ಮ ಹಿತ್ತಿಲಿಗೇ ಬಂದವು.

ಬಹಳ ದಿನದ ಮೇಲೆ ಮೈಸೂರಿಗೆ ಹೋದವನು ವಿದ್ವಾಂಸರ ಮನೆಗೆ ಹೋದೆ. ಟಗರನ್ನು ಯಾರಿಗಾದರೂ ಕೊಟ್ಟಿರಬೇಕು ಅಂದುಕೊಂಡಿದ್ದೆ. ಅದು ಒಳ್ಳೆ ಹುಲ್ಲು ತಿಂದು ಮೈತುಂಬಿಕೊಂಡು ಅಂಗಳದಲ್ಲೇ ನಿಂತು ಅರಚುತ್ತಿತ್ತು. ಏಕೆ ಇಟ್ಟುಕೊಂಡಿರಿ ಎಂದು ಕೇಳಿದೆ. ಒಳಗೆ ಕೂತಿದ್ದ ಶಿಷ್ಯರಿಗೂ ಕೇಳಿಸುವ ಹಾಗೆ ವಿದ್ವಾಂಸರು ಹೇಳಿದರು:

"ಹೇಗೆ ಕಳಿಸಲಿ? ಈ ಮನೆಯಲ್ಲಿ ಹೇಳಿಸಿಕೊಳ್ಳದೆ ದಿನಾ ಬೆಳಿಗ್ಗೆ ಸಾಧನೆ ಮಾಡುವವನು ಅವನೊಬ್ಬನೇ."

ರಾವಣನ ಕೈಯಲ್ಲಿ ಹಸಿರು ಬಾವುಟ

ನಮ್ಮೂರಿನ ಸ್ಟೇಷನ್ ಮಾಸ್ತರರಿಗೆ ನಾಟಕದ ಹುಚ್ಚು. ಮೇಲಿನವರ ಅಪ್ಪಣೆ ಪಡೆದು ಶಾಲೆಯ ಗಂಟೆಗೆಂದು ಹಳೆಯ ರೈಲುಕಂಬಿಯ ಒಂದು ತುಂಡು ಕೊಡಿಸಿದವರು ಅವರೇ. ತಾಲೀಮಿಗೆ ಸ್ಟೇಷನ್ನಿನ ಹಿಂದಿನ ಬಯಲನ್ನೂ ಬಿಟ್ಟುಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಅವರಿಗೆ ರಾವಣನ ಪಾತ್ರ.

ಒಂದು ಸಂಜೆ ಹತ್ತು ತಲೆಯನ್ನು ಕಟ್ಟಿ ಅಳತೆ ನೋಡುತ್ತಿದ್ದೆವು. ಬಿದಿರಿನ ದಬ್ಬೆ, ಕಾಗದ, ಬಣ್ಣ. ಕಟ್ಟುವುದಕ್ಕೇ ಬಹಳ ಹೊತ್ತು ಹಿಡಿದಿತ್ತು. ಅಷ್ಟರಲ್ಲಿ ಬೀರೂರಿನ ಕಡೆಯಿಂದ ಗಾಡಿಯ ಸಿಳ್ಳು ಕೇಳಿಸಿತು. ಬಿಚ್ಚಲು ಪುರುಸೊತ್ತಿಲ್ಲ. ಮಾಸ್ತರರು ಕರ್ತವ್ಯ ಬಿಡುವವರಲ್ಲ. ಹತ್ತು ತಲೆ ಹೊತ್ತುಕೊಂಡೇ ಅಡ್ಡಡ್ಡ ನಡೆದು ಪ್ಲಾಟ್‌ಫಾರಮ್ಮಿಗೆ ಬಂದು, ಒಂದು ಕೈಯಲ್ಲಿ ಚಂದ್ರಹಾಸ ಖಡ್ಗ, ಇನ್ನೊಂದು ಕೈಯಲ್ಲಿ ಬಾವುಟ ಹಿಡಿದು ಗಂಭೀರವಾಗಿ ನಿಂತರು.

ಗಾಡಿ ನಿಂತಿತು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮುದುಕಿ ಕೈ ಮುಗಿದಳು. ಡ್ರೈವರು ಇಂಜಿನ್ನಿನಿಂದ ಇಳಿಯಲೇ ಇಲ್ಲ. ಹಿಂದಿನ ಡಬ್ಬಿಯಿಂದ ಗಾರ್ಡು ಮಾತ್ರ ಇಳಿದು ಬಂದರು. ಹಳೆಯ ಸರ್ವೀಸಿನ ಮನುಷ್ಯ. ಲಂಕಾಧಿಪತಿಯನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ. ಟೋಪಿ ಮುಟ್ಟಿ ಸಲಾಮು ಮಾಡಿ ಹೇಳಿದರು:

"ಸೀತಮ್ಮ ಈ ಗಾಡೀಲಿ ಬಂದಿಲ್ಲ ಸ್ವಾಮಿ. ಮುಂದಿನ ಗಾಡಿ ನೋಡ್ಕೊಳ್ಳಿ."

ಧಾರೆ

ಹೀಗೆ ಬೆಂಚು ಬಂತು, ಹಲಗೆ ಬಂತು, ತೊಲೆ ಬಂತು, ಗಂಟೆಯೂ ಬಂತು. ಬರದೆ ಉಳಿದದ್ದು ಜಾಗ ಒಂದೇ. ಜಾಗ ಇರಲಿಲ್ಲವೆಂದಲ್ಲ. ಸಂತೆಮಾಳದ ಪಕ್ಕದಲ್ಲಿ ನಮ್ಮೂರಿನ ಕೊಬ್ಬರಿ ಸಾಹುಕಾರರ ಖಾಲಿ ನಿವೇಶನ ಒಂದಿತ್ತು. ಕತ್ತೆಗಳು ಬಂದು ಹೊರಳಾಡಿ ಹೋಗುವುದು ಬಿಟ್ಟರೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಸಾಹುಕಾರರು ಜುಗ್ಗರಲ್ಲ. ಅವರ ಮನೆಗೆ ಹೋದವರು ಚೀಲದಲ್ಲಿ ತೆಂಗಿನಕಾಯಿ ಇಲ್ಲದೆ ವಾಪಸು ಬಂದದ್ದಿಲ್ಲ. ಮಠಕ್ಕೆ ದಾಸೋಹ, ಛತ್ರಕ್ಕೆ ಅಕ್ಕಿ, ಎಲ್ಲ ಅವರದೇ. ಆದರೆ ಅವರ ತಂದೆ ಸಾಯುವಾಗ ಕೈಹಿಡಿದುಕೊಂಡು, ಒಂದು ಹಿಡಿ ಮಣ್ಣನ್ನೂ ಬಿಡಬೇಡ ಎಂದು ಹೇಳಿ ಹೋಗಿದ್ದರಂತೆ. ಜಾಗದ ಮಾತೆತ್ತಿದರೆ ಪಾಪ, ಅವರ ಮುಖವೇ ಸಣ್ಣದಾಗುತ್ತಿತ್ತು. "ಅನ್ನ ಕೇಳಿ, ಕೊಬ್ರಿ ಕೇಳಿ, ಕೊಡ್ತೀನಿ. ಮಣ್ಣೊಂದು ಕೇಳ್ಬೇಡಿ ಮೇಷ್ಟ್ರೇ" ಅನ್ನುವರು.

ದೀಪಾವಳಿ ಕಳೆದ ಕೂಡಲೇ ಇನ್ಸ್‌ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಉಪಾಧ್ಯಾಯಿನಿ ನಮ್ಮ ಮನೆಗೆ ಬಂದು, ನಡುಮನೆಯ ಬೆಂಚುಗಳಲ್ಲಿ ಒಂದರ ಮೇಲೆ ಕೂತರು. "ದೊಡ್ಡ ಹುಡುಗೀರು ಈಗ ತಾನೇ ಕತೆ ಪುಸ್ತಕ ತಾವಾಗೇ ಓದ್ತಿದಾರೆ. ಇಷ್ಟಕ್ಕೇ ನಿಂತುಬಿಡುತ್ತಲ್ಲ" ಅಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸುದ್ದಿ ಸಾಹುಕಾರರಿಗೂ ಮುಟ್ಟಿ ಅವರಿಗೂ ಕರುಳು ಚುರುಕ್ ಅಂದಿತು. ಜಾಗ ಕೊಡಲಾರೆ, ಅದರ ಬದಲು ಒಂದು ನಾಟಕ ಕೊಡುತ್ತೇನೆ ಅಂದರು. ಖರ್ಚು ಪೂರ್ತಿ ತಮ್ಮದು, ಬಂದದ್ದೆಲ್ಲ ಶಾಲೆಗೆ. ಬಲಿ ಚಕ್ರವರ್ತಿಯ ಕತೆ. ಬಲಿಯ ಪಾತ್ರ ಅವರದೇ. ಸರ್ವಸ್ವವನ್ನೂ ದಾನ ಕೊಟ್ಟ ಮಹಾರಾಜನ ಪಾತ್ರವನ್ನು ಮಾಡಬೇಕೆಂದು ಅವರಿಗೆ ಚಿಕ್ಕಂದಿನಿಂದ ಆಸೆ ಇತ್ತಂತೆ. ವಾಮನನ ಪಾತ್ರಕ್ಕೆ ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಕೆಳಗೆ ನನ್ನನ್ನು ನೋಡಿದರು. ನಾನು ಊರಿನ ಗಂಡಸರಲ್ಲೆಲ್ಲ ಗಿಡ್ಡ. ಕಾರ್ಯದರ್ಶಿಗೆ ಕಡೆಗೂ ಒಂದು ಪಾತ್ರ ಸಿಕ್ಕಿತು.

ಬಲಿಯ ರಾಣಿ ವಿಂಧ್ಯಾವಳಿಯ ಪಾತ್ರ ಊರಿನ ಟಪಾಲಿನವನಿಗೆ. ಹೆಣ್ಣು ಪಾತ್ರಕ್ಕೆ ಅವನನ್ನು ಬಿಟ್ಟರಿಲ್ಲ. ದಾನ ಕೊಡುವಾಗ ರಾಣಿ ತಂಬಿಗೆಯಿಂದ ನೀರು ಬಿಡಬೇಕು, ರಾಜ ಆ ನೀರನ್ನು ವಾಮನನ ಕೈಗೆ ಧಾರೆಯೆರೆಯಬೇಕು. ಆ ತಂಬಿಗೆ ಬೆಳ್ಳಿಯದೇ ಆಗಬೇಕೆಂದು ಸಾಹುಕಾರರ ಹಟ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಪೂಜೆಯ ತಂಬಿಗೆ ಕೇಳಿದರು. ಯಾಕೆ ಎಂದು ಆಕೆ ಕೇಳಿದರು. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆ ತಂಬಿಗೆ ಕೊಡಲಿಲ್ಲ. ತಾವೇ ತರುವುದಾಗಿ ಹೇಳಿ ಕಳಿಸಿದರು.

ಹಳ್ಳಿಯವರಿಗೆ ಅನುಕೂಲವಾಗಲೆಂದು ಸಂತೆಯ ದಿನ ಮಧ್ಯಾಹ್ನ ನಾಟಕ ಇಟ್ಟಿದ್ದೆವು. ಸಾಹುಕಾರರ ಕೊಬ್ಬರಿ ಮಂಡಿಯೇ ರಂಗಸ್ಥಳ. ಸಂತೆಗೆ ಬಂದವರೆಲ್ಲ ಗಂಟುಮೂಟೆ ಸಮೇತ ಬಂದು ಕೂತರು. ಮುಂದಿನ ಕುರ್ಚಿಯಲ್ಲಿ ತರೀಕೆರೆಯಿಂದ ಬಂದ ಅಮಲ್ದಾರರು. ಹೆಂಗಸರ ಕಡೆ ಉಪಾಧ್ಯಾಯಿನಿ, ಹುಡುಗಿಯರು, ಅವರ ನಡುವೆ ಮಡಿಲಲ್ಲಿ ಬೆಳ್ಳಿ ತಂಬಿಗೆ ಇಟ್ಟುಕೊಂಡ ಸಾಹುಕಾರರ ಹೆಂಡತಿ. ಹಗಲು ಬೆಳಕಿನಲ್ಲಿ ವೇಷಗಳು ಕಾಣುವ ಚೆಂದವೇ ಬೇರೆ. ವಿಂಧ್ಯಾವಳಿಯ ಬೋಳಿಸಿದ ಮೀಸೆಯ ಜಾಗ ಹಸಿರು ಹೊಡೆಯುತ್ತಿತ್ತು.

ನಾನು ತಾಳೆಗರಿಯ ಕೊಡೆ ಹಿಡಿದು ಬಂದು, ಮೂರು ಹೆಜ್ಜೆ ಭೂಮಿ ಸಾಕು ಅಂದೆ. ಬಲಿ ಮಹಾರಾಜರು ಎದೆ ಉಬ್ಬಿಸಿ, ಕೊಟ್ಟೆ ಅಂದರು. ರಾಣಿ ನೀರು ತರಲಿ ಎಂದು ಅಪ್ಪಣೆಯಾಯಿತು. ರಾಣಿ ಎದ್ದು ನಿಂತು ತಂಬಿಗೆಗೆ ಅತ್ತಿತ್ತ ನೋಡಿದ. ಆಗ ಸಾಹುಕಾರರ ಹೆಂಡತಿ ಹೆಂಗಸರ ಕಡೆಯಿಂದ ಎದ್ದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನೇರ ರಂಗಕ್ಕೆ ಹತ್ತಿದರು. ಟಪಾಲಿನವನಿಗೆ ಪಕ್ಕಕ್ಕೆ ಸರಿ ಎಂದು ಕಣ್ಣಲ್ಲೇ ಹೇಳಿದರು. ಅವನು ಸೀರೆ ಎತ್ತಿಕೊಂಡು ಓಡಿದ ರಭಸಕ್ಕೆ ಒಂದು ಬಳೆ ಉರುಳಿಹೋಯಿತು.

"ಇದು ನಾಟಕ ಕಣೇ" ಎಂದು ಸಾಹುಕಾರರು ಮೆಲ್ಲಗೆ ಅಂದರು.

"ನಾಟ್ಕನೋ ಏನೋ. ಈ ಮನೆಯಿಂದ ಹೋದ ದಾನಕ್ಕೆಲ್ಲಾ ನೀರು ಬಿಟ್ಟಿರೋದು ಈ ಕೈ. ಇವತ್ತು ಟಪಾಲಿನವನು ಬಿಡೋದಾದ್ರೆ, ನಾಳೆಯಿಂದ ಅಡಿಗೇನೂ ಅವನೇ ಮಾಡ್ಲಿ" ಎಂದು ಆಕೆ ಹೇಳಿ ತಂಬಿಗೆ ಬಗ್ಗಿಸಿದರು. ನೀರು ಸಾಹುಕಾರರ ಕೈಗೆ ಬಿತ್ತು, ಅವರ ಕೈಯಿಂದ ನನ್ನ ಕೈಗೆ ಬಂತು. ಮದುವೆಯಲ್ಲಿ ಧಾರೆಯ ಹೊತ್ತಿಗೆ ಜನ ಎದ್ದು ನಿಲ್ಲುವ ಹಾಗೆ ಹಿಂದಿನ ಸಾಲಿನವರು ತಾವಾಗಿಯೇ ಎದ್ದು ನಿಂತರು. ಯಾರೋ ಅಕ್ಷತೆ ಎಂದು ತಮ್ಮ ಸಂತೆಯ ಗಂಟಿನಿಂದ ಅಕ್ಕಿಯನ್ನೂ ಎರಚಿದರು.

ಉಳಿದ ಕತೆಯನ್ನು ಹೇಗೋ ಮುಗಿಸಿದೆವು. ನಾನು ಒಂದು ಹೆಜ್ಜೆಯಲ್ಲಿ ಭೂಮಿ ಅಳೆದೆ, ಎರಡನೆಯದರಲ್ಲಿ ಆಕಾಶ ಅಳೆದೆ. ಮೂರನೆಯ ಹೆಜ್ಜೆಗೆ ಜಾಗವಿಲ್ಲದೆ ಬಲಿ ಬಾಗಿಸಿದ ತಲೆಯ ಮೇಲೆ, ಸ್ಟೂಲು ಹತ್ತಿ, ಕಾಲಿಟ್ಟೆ. ಭೂಮಿಯೂ ಹೋಯಿತು, ಗಗನವೂ ಹೋಯಿತು ಎಂದು ಸಾಹುಕಾರರು ಬಹಳ ಚೆನ್ನಾಗಿ ಹಾಡಿದರು. ಜನ ಮತ್ತೊಮ್ಮೆ ಹಾಡಿಸಿದರು. ಮತ್ತೊಮ್ಮೆಯೂ ಎರಡೂ ಹೋದವು.

ಪರದೆ ಎಳೆಯಲು ಹೋದರೆ ಆಕೆ ರಂಗ ಬಿಟ್ಟು ಇಳಿದಿರಲಿಲ್ಲ. ನನ್ನ ಕಡೆ ತಿರುಗಿ, ನಾಳೆ ಬೆಳಿಗ್ಗೆ ಹುಡುಗಿಯರನ್ನು ಕರೆದುಕೊಂಡು ಸಂತೆಮಾಳದ ಪಕ್ಕದ ಜಾಗಕ್ಕೆ ಬನ್ನಿ, ಧಾರೆ ಆಗಿದೆಯಲ್ಲ ಅಂದರು. ಸಾಹುಕಾರರ ಕಿರೀಟ ಓರೆಯಾಯಿತು. ಪಾಪ, ಆದಷ್ಟು ಹುಷಾರಾಗಿ ವಾದ ಹೂಡಿದರು. ತಾವು ಕೊಟ್ಟದ್ದು ಮೂರೇ ಹೆಜ್ಜೆ. ಬೇಕಾದರೆ ಮೇಷ್ಟರು ತಮ್ಮ ಕಾಲಲ್ಲಿ ಅಳೆದುಕೊಳ್ಳಲಿ ಅಂದರು. ಊರಿಗೆ ಊರೇ ನನ್ನ ಕಾಲಿನ ಕಡೆ ನೋಡಿ ನಕ್ಕಿತು. ಉಪಾಧ್ಯಾಯಿನಿ ಮಾತ್ರ ನಗಲಿಲ್ಲ. ಪಕ್ಕದ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ನಗು ನಿಲ್ಲುವವರೆಗೆ ಆಕೆ ಕಾದರು. ಆಮೇಲೆ ಗಂಡನಿಗೆ ಹೇಳಿದರು:

"ಒಂದೇ ಹೆಜ್ಜೆಗೆ ಭೂಮಿ ಎಲ್ಲಾ ಹೋಯ್ತು ಅಂತ ನೀವೇ ಈಗ ಎರಡು ಸಲ ಹಾಡಿದ್ರಿ. ಸಂತೆಮಾಳದ ಜಾಗ ಏನು ಭೂಮಿ ಮೇಲಿಲ್ವಾ?"

ಮಂಡಿಯ ಹೆಂಚು ಹಾರುವ ಹಾಗೆ ಜನ ನಕ್ಕರು. ಅಮಲ್ದಾರರು ಕಣ್ಣೊರೆಸಿಕೊಂಡು, ಸಾಹುಕಾರರೇ, ನನ್ನ ಎದುರಿಗೇ ಆದ ಧಾರೆ, ಖಾತೆ ಬದಲಾವಣೆಗೆ ಇದಕ್ಕಿಂತ ಸಾಕ್ಷಿ ಬೇಡ ಅಂದರು. ಸಾಹುಕಾರರು ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರಿಗೆ ಸಿಟ್ಟು ಬಂದಿದೆ ಎಂದು ನಾನು ಹೆದರಿದ್ದೆ. ಬಂದಿರಲಿಲ್ಲ. "ನಮ್ಮಪ್ಪ ನನಗೆ ಬಿಡಬೇಡ ಅಂದ. ಬಲಿಗೆ ಅವರಪ್ಪ ಹಾಗೆ ಅಂದಿರ್ಲಿಲ್ಲ" ಅಂದರು. ಹಾಗೆ ಹೇಳಿದಾಗ ಎದೆಯ ಮೇಲಿನ ಭಾರ ಇಳಿದವರ ಹಾಗೆ ಕಂಡರು.

ಮರುದಿನ ಬೆಳಿಗ್ಗೆ ಹುಡುಗಿಯರನ್ನು ಕರೆದುಕೊಂಡು ಹೋದರೆ, ನಮಗಿಂತ ಮೊದಲೇ ಸಾಹುಕಾರರು ಅಲ್ಲಿ ಬಂದು ಗೂಟ ಹೊಡೆಸುತ್ತಿದ್ದರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಸ್ವಲ್ಪ ದೂರದಲ್ಲಿ ಅವರ ಹೆಂಡತಿ, ನೆಲಕ್ಕೆ ಪೂಜೆ ಮಾಡುವುದಕ್ಕೆಂದು ಅದೇ ತಂಬಿಗೆಯಲ್ಲಿ ನೀರು ತಂದು ನಿಂತಿದ್ದರು. ಉಪಾಧ್ಯಾಯಿನಿ ಸಾಹುಕಾರರಿಗೆ ಕೈ ಮುಗಿದರು. ಆಮೇಲೆ, ತೊಲೆಗಳು ಇವೆ, ಮೇಲೆ ಹೊದಿಸುವುದಕ್ಕೆ ಏನಾದರೂ ಆಗಿದ್ದರೆ ಎಂದು ಹಿಂಜರಿಯುತ್ತಾ ಮಾತು ತೆಗೆದರು.

ಸಾಹುಕಾರರು ಎರಡು ಕೈಯನ್ನೂ ಮೇಲೆ ತೋರಿಸಿದರು. "ತಾಯಿ, ಮೊದಲ್ನೇ ಹೆಜ್ಜೇಲಿ ಭೂಮಿ ಕೊಟ್ಟೆ. ಎರಡನೇದ್ರಲ್ಲಿ ಆಕಾಶ ಕೊಟ್ಟೆ. ಅಷ್ಟು ದೊಡ್ಡ ಆಕಾಶ ಕೊಟ್ಟ ಮೇಲೆ ಸೂರು ಬೇರೆ ಕೇಳ್ತೀರಲ್ಲ" ಅಂದರು.

ಹೆಂಡತಿ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು, ಅಷ್ಟೇ.

"ಅದನ್ನ ಕೆಳಗಿಡೇ" ಅಂದರು ಸಾಹುಕಾರರು. "ಹೆಂಚು ಕಳಿಸ್ತೀನಿ."